ರಸಿಕನಿಗೊಂದು ಜಗಲಿ

ದುಃಖವನ್ನು ಒಬ್ಬನೇ ನುಂಗಿಕೊಂಡಿರಬಹುದು. ಸಂತೋಷವನ್ನು ನುಂಗಿಕೊಂಡಿರುವುದು ಕಷ್ಟ. ಒಳ್ಳೆಯ ಕಥೆಯೊಂದನ್ನು ಓದಿ ಮುಗಿಸಿದವನು ಮೊದಲು ಮಾಡುವ ಕೆಲಸವೆಂದರೆ ಅದನ್ನು ಓದಿದ ಇನ್ನೊಬ್ಬನಿಗಾಗಿ ಹುಡುಕುವುದು. ನಮ್ಮ ಆಲಂಕಾರಿಕರು ಕವಿಗೂ ಸಹೃದಯನಿಗೂ ಇರುವ ಸಂಬಂಧವನ್ನು ಕುರಿತು ಬೇಕಾದಷ್ಟು ಹೇಳಿದ್ದಾರೆ. ಒಬ್ಬ ಸಹೃದಯನಿಗೂ ಮತ್ತೊಬ್ಬ ಸಹೃದಯನಿಗೂ ಇರುವ ನಂಟಿನ ಮೇಲೆ ಅವರ ದೃಷ್ಟಿ ಅಷ್ಟಾಗಿ ನಿಂತಂತಿಲ್ಲ. ಬಹುಶಃ ಅದರ ಅಗತ್ಯ ಅವರಿಗೆ ತೋರಲಿಲ್ಲ. ನಾಟಕವನ್ನು ಜನ ಒಟ್ಟಿಗೆ ಕುಳಿತು ನೋಡುತ್ತಿದ್ದರು. ಗಮಕಿ ಕುಮಾರವ್ಯಾಸನನ್ನು ಓದಿದರೆ ಊರೇ ಸೇರಿ ಕೇಳುತ್ತಿತ್ತು. ಕಥೆಯು ಅಚ್ಚಿನ ಪುಸ್ತಕವಾಗಿ, ಆಮೇಲೆ ಟೆಲಿವಿಷನ್ನಾಗಿ, ಈಗ ಅಂಗೈಯಗಲದ ಗಾಜಾಗಿ ಅವನ ಕೋಣೆಗೇ ಬಂದ ಮೇಲೆ ರಸಿಕನು ಒಂಟಿಯಾದ.

ಈ ಒಂಟಿತನವನ್ನು ಜಪಾನಿನ ಲೇಖಕರು ಕಥೆಯ ವಸ್ತುವಾಗಿಯೇ ಎತ್ತಿಕೊಂಡಿದ್ದಾರೆ. ಅಂಥ ಮೂರು ಕೃತಿಗಳನ್ನು ಕುರಿತು ಬರೆಯುವುದಕ್ಕೆ ಮುಂಚೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

1993ರಲ್ಲಿ ದೂರದರ್ಶನದಲ್ಲಿ ಮೋಗ್ಲಿಯ ಕಥೆ ಬರುತ್ತಿದ್ದಾಗ ನಮ್ಮ ಬೀದಿಯ ಮಕ್ಕಳೆಲ್ಲ ಒಂದೇ ಮನೆಯ ನಡುಮನೆಯಲ್ಲಿ ಕುಳಿತು ನೋಡುತ್ತಿದ್ದೆವು. ಅದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ತೆಗೆದ ಅನಿಮೆ, ಎಂದರೆ ಚಲಿಸುವ ಚಿತ್ರಗಳಲ್ಲಿ ಹೇಳಿದ ಕಥೆ, ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಳಿದವರು ದೊಡ್ಡವರಾಗಿ ಅದನ್ನು ಮರೆತರು, ನಾನು ಮರೆಯಲಿಲ್ಲ. ಅನಿಮೆಯನ್ನೂ, ಪುಸ್ತಕರೂಪದ ಚಿತ್ರಕಥೆಯಾದ ಮಾಂಗಾವನ್ನೂ ಹುಡುಕಿ ಹುಡುಕಿ ನೋಡಿದೆ, ಓದಿದೆ. ಕನ್ನಡ ಎಂ.ಎ. ಮುಗಿಸಿ ಹಳಗನ್ನಡ ಕಲಿಸುವ ಕೆಲಸಕ್ಕೆ ಸೇರಿದ ಮೇಲೆ ಈ ಹವ್ಯಾಸದ ವಿಷಯವನ್ನು ಯಾರ ಮುಂದೆಯೂ ಎತ್ತಲಿಲ್ಲ. ಪಂಪನ ಪಾಠ ಹೇಳುವವನು ರಾತ್ರಿ ಹನ್ನೊಂದಕ್ಕೆ ಜಪಾನಿನ ಬೊಂಬೆಚಿತ್ರ ನೋಡುತ್ತಾನೆಂದರೆ ಸಹೋದ್ಯೋಗಿಗಳು ಏನೆಂದಾರು!

ಕೆಲವು ತಿಂಗಳ ಕೆಳಗೆ ಒಬ್ಬ ವಿದ್ಯಾರ್ಥಿ ರಜೆಯ ಅರ್ಜಿಗೆ ರುಜು ಹಾಕಿಸಿಕೊಳ್ಳಲು ಬಂದ. ಎರಡು ವರ್ಷ ಕೊನೆಯ ಬೆಂಚಿನಲ್ಲಿ ತುಟಿ ಬಿಚ್ಚದೆ ಕುಳಿತ ಹುಡುಗ. ಮೇಜಿನ ಮೇಲಿದ್ದ ನನ್ನ ಮೊಬೈಲಿನಲ್ಲಿ, ಅರ್ಧಕ್ಕೆ ನಿಲ್ಲಿಸಿದ್ದ ಅನಿಮೆಯ ಚಿತ್ರ ಹಾಗೆಯೇ ಇತ್ತು. ಹುಡುಗ ಅದನ್ನು ಕಂಡವನೇ, “ಸರ್, ನೀವೂ ನೋಡ್ತೀರಾ ಸರ್?” ಎಂದ. ಪಕ್ಕದ ಮೇಜಿನಲ್ಲಿ ಇತಿಹಾಸದ ಅಧ್ಯಾಪಕರಿದ್ದರು. “ಇಲ್ಲಪ್ಪ, ನಮ್ಮಕ್ಕನ ಮಗ ಏನೋ ಹಾಕಿಟ್ಟಿದಾನೆ” ಎಂದೆ. ಅಕ್ಕನ ಮಗನಿಗೆ ಇದರ ಗಂಧವೂ ಇಲ್ಲ. ಹುಡುಗ “ಸಾರಿ ಸರ್” ಎಂದು ಅರ್ಜಿ ತೆಗೆದುಕೊಂಡು ಹೋದ. ಮೇಷ್ಟರ ಮೇಲೆ ಅಂಥದೊಂದು ಸಂಶಯ ಪಟ್ಟುದಕ್ಕೆ ಅವನು ಕ್ಷಮೆ ಕೇಳಿದ್ದು! ಆ ರಾತ್ರಿ ‘ಗೆನ್‌ಶಿಕೆನ್’ ಎಂಬ ಮಾಂಗಾವನ್ನು ಮತ್ತೆ ಕೈಗೆತ್ತಿಕೊಂಡೆ. ಈ ಬರಹ ಅದರ ಫಲ.

ನನಗಿದ್ದ ನಾಚಿಕೆ ನನ್ನೊಬ್ಬನದೇ ಅಲ್ಲ. ಅನಿಮೆಯ ತವರಿನಲ್ಲಿ ಅದಕ್ಕೊಂದು ಚರಿತ್ರೆಯೇ ಇದೆ. ಅಲ್ಲಿ ಇಂಥ ರಸಿಕನನ್ನು ‘ಒಟಾಕು’ ಎನ್ನುತ್ತಾರೆ. ಪದಶಃ ಅದರ ಅರ್ಥ ‘ನಿಮ್ಮ ಮನೆ’. ಪರಿಚಯ ಸಾಲದವರನ್ನು ಗೌರವದಿಂದ, ಸ್ವಲ್ಪ ದೂರವಿಟ್ಟು ‘ತಾವು’ ಎನ್ನುವಲ್ಲಿ ಬಳಸುವ ಮಾತು ಅದು. ಎಳೆಯ ರಸಿಕರು ತಮ್ಮ ತಮ್ಮಲ್ಲೇ ಹೀಗೆ ಕರೆದುಕೊಳ್ಳುವುದನ್ನು ಗಮನಿಸಿ, ನಾಕಾಮೊರಿ ಅಕಿಯೊ ಎಂಬ ಲೇಖಕ 1983ರಲ್ಲಿ ‘ಮಾಂಗಾ ಬುರಿಕ್ಕೊ’ ಪತ್ರಿಕೆಯಲ್ಲಿ ಅದನ್ನೇ ಅವರಿಗೆ ಅಡ್ಡಹೆಸರಾಗಿಟ್ಟು ಪರಿಹಾಸ್ಯ ಮಾಡಿದ. 1989ರಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಕೊಂದ ಅಪರಾಧಿಯೊಬ್ಬ ಸಿಕ್ಕಿಬಿದ್ದು, ಅವನ ಕೋಣೆಯ ತುಂಬ ವಿಡಿಯೋ ಕ್ಯಾಸೆಟ್ಟುಗಳ ರಾಶಿ ಕಂಡಾಗ, ಪತ್ರಿಕೆಗಳು ಆ ಹೆಸರನ್ನು ಅವನಿಗೂ ಅಂಟಿಸಿದವು. ಅಡ್ಡಹೆಸರು ಬೈಗುಳವಾಯಿತು. ಆ ಮಾತಿನಲ್ಲಿರುವ ವ್ಯಂಗ್ಯವನ್ನು ನೋಡಿ: ಒಬ್ಬರನ್ನೊಬ್ಬರು ‘ನಿಮ್ಮ ಮನೆ’ ಎಂದು ಕರೆಯುವ ಇವರಿಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವ ಬಗೆ ತಿಳಿಯದು.

ಈ ಅವಮಾನಕ್ಕೆ ಮೊದಲು ಬಂದ ಉತ್ತರಗಳಲ್ಲಿ ಒಂದು, ಗಾಯ್ನಾಕ್ಸ್ ಸಂಸ್ಥೆ 1991ರಲ್ಲಿ ಹೊರತಂದ ‘ಒಟಾಕು ನೊ ವಿಡಿಯೋ’ ಎಂಬ ಅನಿಮೆ. ಅದರ ನಾಯಕ ಕುಬೊ ಕಾಲೇಜಿನಲ್ಲಿ ಟೆನಿಸ್ ಆಡಿಕೊಂಡಿದ್ದ ಹುಡುಗ. ತನಾಕಾ ಎಂಬ ಹಳೆಯ ಸಹಪಾಠಿಯ ಕೈಗೆ ಸಿಕ್ಕಿ ಈ ರುಚಿ ಹತ್ತಿಸಿಕೊಳ್ಳುತ್ತಾನೆ. ಪ್ರೇಯಸಿ ಕೈಬಿಡುತ್ತಾಳೆ. ಲೋಕ ನನ್ನನ್ನು ಹೊರಗಿಟ್ಟರೆ ಲೋಕವನ್ನೇ ನನ್ನಂತೆ ಮಾಡುತ್ತೇನೆಂದು ಅವನು ಹಟ ತೊಟ್ಟು ಬೊಂಬೆಗಳ ವ್ಯಾಪಾರಕ್ಕೆ ಇಳಿಯುತ್ತಾನೆ. ನಡುನಡುವೆ ಸಾಕ್ಷ್ಯಚಿತ್ರದ ವೇಷ ತೊಟ್ಟ ಸಂದರ್ಶನಗಳು ಬರುತ್ತವೆ. ಮಾತನಾಡುವವರ ಮುಖವನ್ನು, ಅಪರಾಧಿಗಳ ಮುಖದಂತೆ, ಮಸುಕು ಮಾಡಿದ್ದಾರೆ. ನಗು ಬರುತ್ತದೆ, ನಕ್ಕ ಮೇಲೆ ಎದೆ ಚುರುಕ್ಕೆನ್ನುತ್ತದೆ. ಕೊನೆಗೆ ಕುಬೊ, ತನಾಕಾ ಇಬ್ಬರೂ ಒಟಾಕುಗಳದೇ ಆದ ಒಂದು ನಕ್ಷತ್ರವನ್ನು ಅರಸಿ ಆಕಾಶಕ್ಕೆ ಹಾರುತ್ತಾರೆ. ಎಲ್ಲರೂ ನಮ್ಮಂತಾದರೆ ಒಂಟಿತನ ತೀರುತ್ತದೆ ಎಂಬ ಕನಸನ್ನು ಈ ಕೃತಿ ಕಾಣುತ್ತದೆ, ಕಾಣುತ್ತಲೇ ತನ್ನನ್ನು ತಾನು ಗೇಲಿ ಮಾಡಿಕೊಳ್ಳುತ್ತದೆ. ಅಂಥ ಲೋಕ ಭೂಮಿಯ ಮೇಲೆ ಸಾಧ್ಯವಿಲ್ಲವೆಂದು ಅದಕ್ಕೂ ಗೊತ್ತು.

ಕಿಯೊ ಶಿಮೊಕು ಬರೆದ ‘ಗೆನ್‌ಶಿಕೆನ್’ ಇದಕ್ಕಿಂತ ತಗ್ಗಿದ ದನಿಯಲ್ಲಿ ಮಾತನಾಡುತ್ತದೆ, ಹೆಚ್ಚು ದೂರ ಹೋಗುತ್ತದೆ. ‘ಆಫ್ಟರ್‌ನೂನ್’ ಎಂಬ ಮಾಸಪತ್ರಿಕೆಯಲ್ಲಿ 2002ರಿಂದ 2006ರವರೆಗೆ ಧಾರಾವಾಹಿಯಾಗಿ ಬಂದು ಒಂಬತ್ತು ಸಂಪುಟಗಳಾದ ಕೃತಿ ಇದು. 2004ರಲ್ಲಿ ಅನಿಮೆಯೂ ಆಯಿತು. ‘ಆಧುನಿಕ ದೃಶ್ಯಸಂಸ್ಕೃತಿ ಅಧ್ಯಯನ ಸಂಘ’ ಎಂಬ ಘನವಾದ ಹೆಸರು ಹೊತ್ತ ಒಂದು ಕಾಲೇಜು ಸಂಘ, ಅದರ ಸಣ್ಣದೊಂದು ಕೋಣೆ, ಅಲ್ಲಿ ಸೇರುವ ಏಳೆಂಟು ಜನ: ಕಥೆ ಇಷ್ಟೇ. ಲೋಕವನ್ನು ಗೆಲ್ಲುವವರು ಇಲ್ಲಿ ಯಾರೂ ಇಲ್ಲ.

ಮೊದಲನೆಯ ಅಧ್ಯಾಯವನ್ನೇ ನೋಡೋಣ. ಹೊಸ ವಿದ್ಯಾರ್ಥಿ ಸಾಸಾಹಾರಾಗೆ ಸಂಘ ಸೇರುವ ಆಸೆ. ಆಸೆ ಇದೆಯೆಂದು ತೋರಿಸಿಕೊಳ್ಳಲು ಸಂಕೋಚ. ತನಗೇನೂ ಅಷ್ಟು ಆಸಕ್ತಿಯಿಲ್ಲವೆಂಬಂತೆ ಕುಳಿತಿರುತ್ತಾನೆ. ಹಿರಿಯರು ಬೇಕೆಂದೇ ಅವನೊಬ್ಬನನ್ನು ಬಿಟ್ಟು ಹೊರಗೆ ಹೋಗಿ, ಎದುರಿನ ಕಟ್ಟಡದಿಂದ ಕಿಟಕಿಯಲ್ಲಿ ನೋಡುತ್ತ ನಿಲ್ಲುತ್ತಾರೆ. ಹುಡುಗ ಅತ್ತ ಇತ್ತ ನೋಡಿ ಅಲ್ಲಿದ್ದ ಪುಸ್ತಿಕೆಗೆ ಕೈ ಹಾಕುತ್ತಾನೆ, ಸಿಕ್ಕಿಬೀಳುತ್ತಾನೆ. ಈ ಪ್ರಸಂಗ ಮೊದಲ ಓದಿನಲ್ಲಿ ನನಗೆ ಬರಿಯ ಹಾಸ್ಯವಾಗಿ ಕಂಡಿತ್ತು. ಅಕ್ಕನ ಮಗನ ಹೆಸರು ಹೇಳಿದ ದಿನದ ಓದಿನಲ್ಲಿ ಹಾಗೆ ಕಾಣಲಿಲ್ಲ. ಸಾಸಾಹಾರಾ ಅಲ್ಲಿ ಸಿಕ್ಕಿಬೀಳದೆ ಹೋಗಿದ್ದರೆ ನಾಲ್ಕು ವರ್ಷವೂ ಸಭ್ಯನಾಗಿ, ಒಂಟಿಯಾಗಿ ಉಳಿಯುತ್ತಿದ್ದ. ನಮ್ಮಂಥವರು ಇನ್ನೊಬ್ಬರಿಲ್ಲವೆಂಬುದು ಈ ಒಂಟಿತನದ ಒಂದು ಪಾಲು ಮಾತ್ರ. ಇದ್ದವರಿಂದಲೂ ಮರೆಸಿಕೊಳ್ಳುವುದು ಅದರ ದೊಡ್ಡ ಪಾಲು.

ಜನ ಇಲ್ಲದೆ ಏನೂ ಇಲ್ಲ. ಟೋಕಿಯೋದಲ್ಲಿ ರಸಿಕರು ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಿಕೆಗಳನ್ನು ಮಾರುವ ‘ಕಾಮಿಕ್ ಮಾರ್ಕೆಟ್’ ಎಂಬ ಸಂತೆ 1975ರ ಡಿಸೆಂಬರ್ 21ರಂದು ಮೊದಲ ಸಲ ಕೂಡಿತು. ಆಗ 32 ಕೂಟಗಳು, ಸುಮಾರು 700 ಜನ. 2019ರ ಕೊನೆಯಲ್ಲಿ ನಾಲ್ಕು ದಿನ ನಡೆದ ಸಂತೆಗೆ ಏಳೂವರೆ ಲಕ್ಷ ಜನ ಎಂದು ಲೆಕ್ಕ. ‘ಗೆನ್‌ಶಿಕೆನ್’ನಲ್ಲಿಯೂ ಈ ಸಂತೆ ಬೇರೊಂದು ಹೆಸರಿನಿಂದ ಬರುತ್ತದೆ. ಆದರೆ ಲೇಖಕ ಸಂತೆಯ ಗದ್ದಲವನ್ನು ಕಂಡು ಮರುಳಾಗುವುದಿಲ್ಲ. ಮತ್ತೆ ಮತ್ತೆ ಆ ಸಣ್ಣ ಕೋಣೆಗೆ ಹಿಂದಿರುಗುತ್ತಾನೆ. ಗೆಳೆಯರು ಸೇರಿ ತಮ್ಮದೇ ಪುಸ್ತಿಕೆ ತರಲು ಹೊರಟು, ಚಿತ್ರ ಬರೆಯಬೇಕಾದ ಕುಗಾಯಾಮಾ ತಡಮಾಡಿದಾಗ, ಎಂದೂ ದನಿ ಏರಿಸದ ಸಾಸಾಹಾರಾ ಸಿಟ್ಟಾಗುತ್ತಾನೆ. ಅಲ್ಲಿಗೆ ಅವರು ಒಂದೇ ರುಚಿಯವರೆಂಬುದು ಹೋಗಿ ಗೆಳೆಯರಾದರೆಂದು ನನಗೆ ತೋರುತ್ತದೆ. ಅಪರಿಚಿತರ ಮೇಲೆ ಯಾರೂ ಹಾಗೆ ರೇಗುವುದಿಲ್ಲ.

ಆ ಕೋಣೆಯಲ್ಲಿ ಕಾಸುಕಾಬೆ ಸಾಕಿ ಎಂಬ ಹುಡುಗಿಯೂ ಇದ್ದಾಳೆ. ಇವರು ಮೆಚ್ಚುವ ಒಂದನ್ನೂ ಅವಳು ಮೆಚ್ಚಳು. ತಾನು ಒಲಿದ ಕೋಸಾಕಾ ಅಲ್ಲಿ ಕೂರುತ್ತಾನೆಂದು ಅವಳೂ ಬಂದು ಕೂರುತ್ತಾಳೆ, ಎಲ್ಲರನ್ನೂ ಬೈಯುತ್ತಾಳೆ. ಕಥೆ ಮುಂದುವರಿದಂತೆ ಅವಳಿಲ್ಲದ ಕೋಣೆಯನ್ನು ನೆನೆಯುವುದೇ ಕಷ್ಟವಾಗುತ್ತದೆ. ‘ಒಟಾಕು ನೊ ವಿಡಿಯೋ’ದ ನಕ್ಷತ್ರದಲ್ಲಿ ಇಂಥವಳಿಗೆ ಜಾಗವಿಲ್ಲ, ಶಿಮೊಕುವಿನ ಕೋಣೆಯಲ್ಲಿ ಇದೆ. ಈ ಕೃತಿಯ ಹಿರಿಮೆಯನ್ನು ನಾನು ಕಾಣುವುದು ಇಲ್ಲಿ.

ಇನ್ನೊಬ್ಬಳು ಒಗಿಯುವೆ. ‘ನನಗೆ ಒಟಾಕುಗಳನ್ನು ಕಂಡರಾಗದು’ ಎಂದು ಹೇಳಿಕೊಂಡೇ ಒಳಗೆ ಬರುವವಳು. ಗುಟ್ಟಾಗಿ ಅವಳೂ ಬರೆಯುತ್ತಾಳೆ: ಗಂಡಸರಿಬ್ಬರ ಪ್ರೇಮದ ಚಿತ್ರಗಳು. ಶಾಲೆಯಲ್ಲಿದ್ದಾಗ ತಾನು ಮೆಚ್ಚಿದ ಹುಡುಗನನ್ನೇ ಹಾಗೆ ಬರೆದು, ಅದು ಅವನ ಕಣ್ಣಿಗೆ ಬಿದ್ದು, ಅವನು ನೊಂದು ದೂರವಾದದ್ದನ್ನು ಅವಳು ಮರೆತಿಲ್ಲ. ಈಗ ಸಾಸಾಹಾರಾ ಅವಳನ್ನು ಒಲಿದಿದ್ದಾನೆ. ಅವಳು ಬರೆದಿರುವ ಚಿತ್ರಗಳಲ್ಲಿ ಇರುವವನೂ ಅವನೇ. ಎಲ್ಲವನ್ನೂ ಅವನ ಮುಂದಿಟ್ಟು, ನೋಡಿ ತೀರ್ಮಾನಿಸು ಎನ್ನುತ್ತಾಳೆ. ಅವನು ಒಂದೊಂದೂ ಹಾಳೆಯನ್ನು ನೋಡುತ್ತಾನೆ, ಎದ್ದು ಹೋಗುವುದಿಲ್ಲ. ಮೊದಲ ಅಧ್ಯಾಯದಲ್ಲಿ ತನ್ನ ರುಚಿ ತಿಳಿದೀತೆಂದು ಅಂಜಿದ್ದ ಹುಡುಗ ಇನ್ನೊಬ್ಬರ ಅಂಜಿಕೆಯನ್ನು ಹೊರಲು ಸಮರ್ಥನಾದ. ಒಂಬತ್ತು ಸಂಪುಟಗಳ ದಾರಿ ಅಷ್ಟೇ. ಅದು ಸಣ್ಣ ದಾರಿಯಲ್ಲ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಈ ಹುಡುಗರು ಓದುವುದರಲ್ಲಿ ಬಹುಪಾಲು ಕಾಮೋದ್ರೇಕದ ಪುಸ್ತಿಕೆಗಳು. ಅದರ ಒಳಿತುಕೆಡಕುಗಳನ್ನು ಲೇಖಕ ನಗೆಯಲ್ಲಿ ತೇಲಿಸಿಬಿಡುತ್ತಾನೆ. ತಾಯಿತಂದೆಗಳ ನೆರಳೂ ಕೋಣೆಯ ಮೇಲೆ ಬೀಳುವುದಿಲ್ಲವೆನ್ನಬೇಕು. ಕೊನೆಯ ಸಂಪುಟ, ಜೋಡಿಗಳನ್ನು ಕೂಡಿಸುವ ಆತುರದಲ್ಲಿ, ಸಪ್ಪೆಯಾಯಿತೆಂಬುದು ನನ್ನ ಅಭಿಪ್ರಾಯ.

ಇದಲ್ಲದೆ, ಕೋಣೆ ಕಾಲೇಜಿನದು. ಪದವಿಯೊಡನೆ ಅದೂ ಮುಗಿಯುತ್ತದೆ. ಆಮೇಲೆ? ಈ ಪ್ರಶ್ನೆಗೆ ತ್ಸುರುತಾನಿ ಕಾವೊರಿ ಎಂಬ ಲೇಖಕಿಯ ‘ಮೆತಾಮೊರುಫೋಸೆ ನೊ ಎಂಗಾವಾ’ ಎಂಬ ಐದು ಸಂಪುಟಗಳ ಮಾಂಗಾದಲ್ಲಿ ಉತ್ತರವಿದೆ. 2022ರಲ್ಲಿ ಅದು ಚಲನಚಿತ್ರವೂ ಆಯಿತು. ಬರವಣಿಗೆ ಕಲಿಸುವ, ಗಂಡನನ್ನು ಕಳೆದುಕೊಂಡ 75 ವರ್ಷದ ಇಚಿನೋಯಿ ಯುಕಿ, ಮುಖಪುಟ ಚೆನ್ನಾಗಿದೆಯೆಂದು ಒಂದು ಮಾಂಗಾ ಕೊಂಡು ಮನೆಗೆ ಒಯ್ಯುತ್ತಾರೆ. ಅದು ಇಬ್ಬರು ಹುಡುಗರ ಪ್ರೇಮದ ಕಥೆ. ಅಜ್ಜಿ ಬೆಚ್ಚುತ್ತಾರೆ; ಬೆಚ್ಚಿದ ಮೇಲೆ ಮುಂದಿನ ಸಂಪುಟಕ್ಕೆ ಅಂಗಡಿಗೆ ಬರುತ್ತಾರೆ. ಅಂಗಡಿಯಲ್ಲಿ ಕೆಲಸ ಮಾಡುವ 17 ವರ್ಷದ ಉರಾರಾ ಅದೇ ಕಥೆಯನ್ನು ಯಾರಿಗೂ ಹೇಳದೆ ಓದುತ್ತಿರುವವಳು. ಅಜ್ಜಿಗೆ ನಾಚಿಕೆಯ ಅಭ್ಯಾಸವಿಲ್ಲ. ‘ಇದನ್ನು ಕುರಿತು ಮಾತಾಡಲು ನನಗೆ ಒಬ್ಬರು ಬೇಕಿತ್ತು’ ಎಂಬ ಭಾವವನ್ನು ಅವರು ಮುಚ್ಚಿಡುವುದೇ ಇಲ್ಲ. ಹುಡುಗಿಯ ಬೀಗ ಅದರಿಂದ ತೆರೆಯುತ್ತದೆ. ಸಂಪುಟಕ್ಕೂ ಸಂಪುಟಕ್ಕೂ ವರ್ಷಕ್ಕಿಂತ ಹೆಚ್ಚು ಅಂತರವಾದರೆ ತಾನು ಸಾಯುವುದರೊಳಗೆ ಎಷ್ಟು ಸಂಪುಟ ಓದಿಯೇನೆಂದು ಆಕೆ ಲೆಕ್ಕ ಹಾಕುವ ಕಡೆ ಓದುಗನ ಗಂಟಲು ಕಟ್ಟುತ್ತದೆ.

‘ಎಂಗಾವಾ’ ಎಂದರೆ ಜಪಾನಿನ ಹಳೆಯ ಮನೆಗಳ ಅಂಚಿಗಿರುವ ಮರದ ಹಾಸು, ನಮ್ಮ ಜಗಲಿ. ಒಳಗೂ ಅಲ್ಲ, ಹೊರಗೂ ಅಲ್ಲ. ಬಂದವರು ಚಪ್ಪಲಿ ಬಿಟ್ಟು ಒಳಕ್ಕೆ ಹೋಗಬೇಕಾಗಿಲ್ಲ. ಬೀದಿಯಲ್ಲೇ ನಿಂತು ಮಾತಾಡಬೇಕಾಗಿಯೂ ಇಲ್ಲ. ‘ನಿಮ್ಮ ಮನೆ’ ಎಂದು ದೂರದಿಂದಲೇ ಕರೆದುಕೊಳ್ಳುತ್ತಿದ್ದ ರಸಿಕರಿಗೆ ಬೇಕಾಗಿದ್ದುದು ಇಂಥದೊಂದು ಜಾಗ. ಅದಕ್ಕೆ ಏಳೂವರೆ ಲಕ್ಷ ಜನ ಬೇಡ. ಯಾರಾದರೂ ಒಬ್ಬರು ಮೊದಲು ಬಂದು, ಕಾಣುವಂತೆ ಕುಳಿತರೆ ಸಾಕು. ಹಿರಿಯರು ಮೊದಲು ಕುಳಿತರೆ ಇನ್ನೂ ಒಳ್ಳೆಯದು.

ಮಾರನೆಯ ವಾರ ಆ ಹುಡುಗನನ್ನು ಕರೆದು, ಅಕ್ಕನ ಮಗನ ವಿಷಯ ಸುಳ್ಳೆಂದು ಹೇಳಿದೆ. ಇತಿಹಾಸದ ಅಧ್ಯಾಪಕರು ಅಂದೂ ಅಲ್ಲೇ ಇದ್ದರು. ಕತ್ತೆತ್ತಿ ನೋಡಿ ಮತ್ತೆ ಪತ್ರಿಕೆಗಳನ್ನು ತಿದ್ದತೊಡಗಿದರು. ಅಷ್ಟಕ್ಕೇ ನಾನು ಇಷ್ಟು ವರ್ಷ ಹೆದರಿದ್ದು! ಮಾತು ‘ಗೆನ್‌ಶಿಕೆನ್’ಗೆ ಬಂತು. ಕೊನೆ ಸಪ್ಪೆ ಎಂದೆ. “ಇಲ್ಲ ಸರ್, ನೀವು ತಪ್ಪು ತಿಳ್ಕೊಂಡಿದೀರ” ಎಂದ. ಒಟಾಕುಗಳನ್ನು ಕಂಡರಾಗದೆಂದ ಒಗಿಯುವೆಯೇ ಕೊನೆಗೆ ಸಂಘದ ಅಧ್ಯಕ್ಷೆಯಾಗುತ್ತಾಳಲ್ಲ, ಗದ್ದಲವಿಲ್ಲದೆ ಕೋಣೆ ಅವಳ ಕೈಗೆ ಹೋಗುತ್ತದಲ್ಲ, ಅದಕ್ಕಿಂತ ಒಳ್ಳೆಯ ಮುಕ್ತಾಯ ಯಾವುದು ಎಂಬುದು ಅವನ ವಾದ. ಎರಡು ವರ್ಷಗಳಲ್ಲಿ ಅವನು ನನ್ನ ಮಾತಿಗೆ ಎದುರು ಹೇಳಿದ್ದು ಅದೇ ಮೊದಲು. ವಾದವನ್ನು ನಾನಿನ್ನೂ ಪೂರ್ತಿ ಒಪ್ಪಿಲ್ಲ. ಶನಿವಾರ ಮತ್ತೆ ಬರುತ್ತೇನೆಂದಿದ್ದಾನೆ.