ಬಿದ್ದಾಗ ಹಿಡಿಯುವವರು ಯಾರು?

ಅಮೆಜಾನ್ ಕಾಡಿನ ಒಂದು ಕಹಿ ಕಷಾಯ ಇಂದು ಜಗತ್ತಿನ ಸಿರಿವಂತ ನಗರಗಳಲ್ಲಿ ಮಾತಿನ ವಸ್ತುವಾಗಿದೆ. ಅದರ ಹೆಸರು ಅಯಾಹುವಾಸ್ಕಾ. ಪೆರು ದೇಶದ ಇಕಿಟೋಸ್, ಪುಕಾಲ್ಪಾ ಊರುಗಳ ಸುತ್ತಲಿನ ಶಿಬಿರಗಳಿಗೆ ಅಮೆರಿಕ, ಯುರೋಪುಗಳಿಂದ ಜನ ಬರುತ್ತಾರೆ. ಹಣ ತೆತ್ತು, ರಾತ್ರಿಯಿಡೀ ಅಪರಿಚಿತರ ಗುಂಪಿನಲ್ಲಿ ಕುಳಿತು ಕುಡಿಯುತ್ತಾರೆ. ವಾಂತಿ ಮಾಡುತ್ತಾರೆ, ಅಳುತ್ತಾರೆ, ದರ್ಶನವಾಯಿತು ಎನ್ನುತ್ತಾರೆ. ಹೋಗಲೋ ಬೇಡವೋ ಎಂದು ಅನುಮಾನಿಸುವವರಿಗೆ ಹೆಚ್ಚಾಗಿ ಸಿಗುವ ಬುದ್ಧಿಮಾತು ಒಂದೇ: ಭಯ ಬಿಡಿ, ಶರಣಾಗಿ. ಈ ಮಾತಿನ ಹಳೆಯ ರೂಪವೊಂದು ಅಮೆರಿಕದ ಒಂದು ಪುಟ್ಟ ಪುಸ್ತಕದಲ್ಲಿದೆ. ಇಂದಿನ ಗೊಂದಲವನ್ನು ಅರಿಯಲು ಅದನ್ನು ಮತ್ತೆ ಓದುವುದು ಒಳ್ಳೆಯದೆಂದು ನಮಗೆ ಅನಿಸುತ್ತದೆ.

ಪುಸ್ತಕದ ಹೆಸರು 'ದಿ ಯಾಹೆ ಲೆಟರ್ಸ್'. ಯಾಹೆ ಎಂಬುದು ಅಯಾಹುವಾಸ್ಕಾದ ಇನ್ನೊಂದು ಹೆಸರು. ವಿಲಿಯಂ ಬರೋಸ್ ಮತ್ತು ಆಲೆನ್ ಗಿನ್ಸ್‌ಬರ್ಗ್ ಪರಸ್ಪರ ಬರೆದ ಪತ್ರಗಳೆಂದು ಸಿಟಿ ಲೈಟ್ಸ್ ಪ್ರಕಾಶನ ಇದನ್ನು 1963ರಲ್ಲಿ ಹೊರತಂದಿತು. 1953ರಲ್ಲಿ ಬರೋಸ್ ಈ ಕಷಾಯವನ್ನು ಅರಸುತ್ತ ಕೊಲಂಬಿಯಾ, ಪೆರುಗಳಲ್ಲಿ ಅಲೆದ. ಏಳು ವರ್ಷಗಳ ನಂತರ ಗಿನ್ಸ್‌ಬರ್ಗ್ ಅದೇ ದಾರಿ ಹಿಡಿದ. 1962-63ರಲ್ಲಿ ಕಲ್ಕತ್ತಾ, ಕಾಶಿಗಳಲ್ಲಿ ತಿಂಗಳುಗಟ್ಟಲೆ ಉಳಿದಿದ್ದ ಕವಿ ಇವನೇ. ಬರೋಸನ ಪತ್ರಗಳಲ್ಲಿ ಬಹುಪಾಲು ಅಂಚೆಗೆ ಹಾಕಿದ ಪತ್ರಗಳಲ್ಲ, ಟಿಪ್ಪಣಿಗಳಿಂದ ಆಮೇಲೆ ಕಟ್ಟಿದವು ಎಂದು ಆಲಿವರ್ ಹ್ಯಾರಿಸ್ 2006ರ ಪರಿಷ್ಕೃತ ಆವೃತ್ತಿಯಲ್ಲಿ ತೋರಿಸಿದ್ದಾರೆ. ಧೈರ್ಯಶಾಲಿ ಪ್ರಯಾಣಿಕನ ಚಿತ್ರವನ್ನು ಕುಳಿತು ಕೆತ್ತಲಾಗಿತ್ತು ಎಂದಾಯಿತು.

ಗಿನ್ಸ್‌ಬರ್ಗ್ 1960ರ ಜೂನ್ 10ರಂದು ಪುಕಾಲ್ಪಾದಿಂದ ಬರೆದ ಪತ್ರವೇ ಈ ಪುಸ್ತಕದ ಜೀವಾಳ. ಅವನು ಸ್ಥಳೀಯ ವೈದ್ಯನೊಬ್ಬನ ಬಳಿ ಕಷಾಯ ಕುಡಿದ. ಮತ್ತೊಂದು ರಾತ್ರಿ ಗುಡಿಸಲಿನಲ್ಲಿ ನಡೆದ ವಿಧಿವತ್ತಾದ ಗುಂಪು ಕೂಟಕ್ಕೆ ಹೋದ. ಅಲ್ಲಿ ಅವನು ಬೆಚ್ಚಿಬಿದ್ದ. ಸಾವಿನ ಭಯ, ಹುಚ್ಚು ಹಿಡಿದೀತೆಂಬ ಭಯ, ತಾನು ಒಂಟಿ ಎಂಬ ಅರಿವು, ಎಲ್ಲವೂ ಒಟ್ಟಿಗೆ ಮೇಲೆರಗಿದವು. ಮುಂದುವರಿಯಲೋ, ಹಿಂತಿರುಗಲೋ ಎಂದು ಅವನು ಗೆಳೆಯನನ್ನು ಕೇಳುತ್ತಾನೆ. ಕವಿಯೊಬ್ಬ ಮುಖವಾಡ ಕಳಚಿಟ್ಟು ಬರೆದ ಪುಟಗಳಿವು. ತನಗೆ ಭಯವಾಗಿದೆ ಎಂದು ಹೇಳಿಕೊಳ್ಳಲು ಅವನು ನಾಚುವುದಿಲ್ಲ.

ಜೂನ್ 21ರಂದು ಬರೋಸ್ ಬರೆದ ಉತ್ತರವೇನು? ಭಯಪಡುವಂಥದ್ದು ಏನೂ ಇಲ್ಲ, ಮುಂದೆ ಹೋಗು. ನನ್ನ ಈ ಪತ್ರವನ್ನು ಕತ್ತರಿಸಿ ತುಂಡುಗಳನ್ನು ಅದಲುಬದಲು ಮಾಡಿ ಓದು. ಏಳು ವರ್ಷ ಹಿಂದೆ ಇದೇ ಕಷಾಯ ಕುಡಿದು ಕಂಗಾಲಾಗಿ, ಜೊತೆಗೆ ಒಯ್ದಿದ್ದ ನಿದ್ರೆ ಮಾತ್ರೆಗಳ ಮೊರೆಹೊಕ್ಕವನು ಇವನೇ. ಅದನ್ನು ಅವನೇ ಪುಸ್ತಕದ ಮೊದಲ ಭಾಗದಲ್ಲಿ ಬರೆದಿದ್ದಾನೆ. ಆ ಮಾತ್ರೆಗಳ ನೆನಪು ಗೆಳೆಯನಿಗೆ ಕೊಟ್ಟ ಉತ್ತರದಲ್ಲಿ ಸುಳಿಯುವುದಿಲ್ಲ. ನೀರಿನಲ್ಲಿ ಮುಳುಗುತ್ತಿರುವವನಿಗೆ ದಡದಲ್ಲಿ ನಿಂತು ತತ್ವ ಹೇಳಿದಂತಾಯಿತು.

ಈ ಪತ್ರದ ಕೊನೆಯಲ್ಲಿ ಬರೋಸ್ ಹಸನ್ ಸಬ್ಬಾಹ್‌ನ ಹೆಸರನ್ನು ಮೊಳಗಿಸುತ್ತಾನೆ. 1090ರಲ್ಲಿ ಇರಾನಿನ ಅಲಮೂತ್ ಕೋಟೆಯನ್ನು ವಶಪಡಿಸಿಕೊಂಡು, 1124ರಲ್ಲಿ ತೀರಿಕೊಂಡ ಇಸ್ಮಾಯಿಲಿ ನಾಯಕ ಈತ. ಈತನ ಅನುಯಾಯಿಗಳಿಗೆ ಮತ್ತು ಬರಿಸಿ ಸ್ವರ್ಗ ತೋರಿಸಲಾಗುತ್ತಿತ್ತು ಎಂಬ ಕತೆಯನ್ನು ಯುರೋಪಿನಲ್ಲಿ ಹರಡಿದ್ದು ಮಾರ್ಕೊಪೋಲೊನ ಪ್ರವಾಸ ಕಥನ. ಅದು ದಂತಕತೆಯೇ ಹೊರತು ಚರಿತ್ರೆಯಲ್ಲ ಎಂದು ಫರ್ಹಾದ್ ದಫ್ತರಿ ವಿವರವಾಗಿ ತೋರಿಸಿದ್ದಾರೆ. ಚರಿತ್ರೆಯ ಹಸನ್ ಕಟ್ಟುನಿಟ್ಟಿನ ಧಾರ್ಮಿಕ ಶಿಸ್ತಿಗೆ ಹೆಸರಾದವನು. ಆದರೆ ಬರೋಸನಿಗೆ ಬೇಕಿದ್ದುದು ಎಲ್ಲವನ್ನೂ ಸಲ್ಲುವಂತೆ ಮಾಡುವ ಒಬ್ಬ ಪೂರ್ವದೇಶದ ಗುರು. ಅಂಥವನನ್ನು ಅವನು ದಂತಕತೆಯಿಂದ ಎತ್ತಿಕೊಂಡ.

ಅಮೆಜಾನಿನ ವೈದ್ಯನ ವಿಷಯದಲ್ಲೂ ಆದದ್ದು ಇದೇ. ಬರೋಸ್ ಅವನನ್ನು ಹೀಗಳೆಯುತ್ತಾನೆ, ಗಿನ್ಸ್‌ಬರ್ಗ್ ಗೌರವಿಸುತ್ತಾನೆ. ಇಬ್ಬರಿಗೂ ಅವನು ಒಂದು ಬಾಗಿಲು ಮಾತ್ರ. ಆ ಗುಡಿಸಲಿಗೆ ಊರಿನವರು ಯಾವ ಕಾಯಿಲೆ ಹೊತ್ತು ಬಂದಿದ್ದರು, ಯಾರ ಮನೆಯಲ್ಲಿ ಏನು ಸಂಕಟವಿತ್ತು ಎಂದು ಪುಸ್ತಕ ವಿಚಾರಿಸುವುದಿಲ್ಲ. ಅಮೆಜಾನಿನ ಅನೇಕ ಕಡೆ ರೋಗವನ್ನು ಕಾಣಲು ಕಷಾಯ ಕುಡಿಯುತ್ತಿದ್ದವನು ವೈದ್ಯ. ರೋಗಿ ಎಷ್ಟೋ ಬಾರಿ ಕುಡಿಯುತ್ತಲೇ ಇರಲಿಲ್ಲ. ವೈದ್ಯನಿಗೆ ಆ ರೋಗಿಯ ಮನೆಮಂದಿಯ ಪರಿಚಯವಿತ್ತು. ಮರುದಿನ ಅದೇ ದಾರಿಯಲ್ಲಿ ಅವರ ಮುಖ ನೋಡಬೇಕಿತ್ತು. ಇಂದಿನ ದೊಡ್ಡ ಶಿಬಿರದಲ್ಲಿ ಕುಡಿಯುವವರು ಎಲ್ಲರೂ, ಬಲ್ಲವರು ಯಾರೂ ಇಲ್ಲ.

ಇದು ಕೇವಲ ಭಾವನೆಯ ಮಾತಲ್ಲ. ಕಷಾಯದಲ್ಲಿ ಸಾಮಾನ್ಯವಾಗಿ ಎರಡು ಗಿಡಗಳಿರುತ್ತವೆ. ಚಕ್ರೂನಾ ಎಲೆಯಲ್ಲಿ ಡಿಎಂಟಿ ಎಂಬ ಪದಾರ್ಥವಿದೆ. ಅದನ್ನಷ್ಟೇ ನುಂಗಿದರೆ ಹೊಟ್ಟೆಯಲ್ಲಿನ ಕಿಣ್ವ ಅದನ್ನು ಒಡೆದುಹಾಕುತ್ತದೆ. ಬಳ್ಳಿಯಲ್ಲಿರುವ ಹಾರ್ಮಿನ್ ಮುಂತಾದವು ಆ ಕಿಣ್ವವನ್ನು ತಡೆಯುತ್ತವೆ. ಖಿನ್ನತೆಗೆ ಮಾತ್ರೆ ನುಂಗುವವರಿಗೆ ಅಪಾಯವಿರುವುದು ಇಲ್ಲೇ. ಹಲವು ಮಾತ್ರೆಗಳೊಡನೆ ಈ ಕಷಾಯ ಸೇರಿದರೆ ಸೆರೊಟೋನಿನ್ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಹೃದ್ರೋಗಿಗಳು, ತಮಗಾಗಲಿ ಮನೆತನದಲ್ಲಾಗಲಿ ತೀವ್ರ ಮನೋರೋಗ ಇದ್ದವರು ದೂರವಿರಬೇಕೆಂದು ವೈದ್ಯರು ಹೇಳುತ್ತಾರೆ. ಖಿನ್ನತೆಯವರೇ ಇಂಥ ಶಿಬಿರಗಳತ್ತ ಹೆಚ್ಚು ಆಸೆಗಣ್ಣಿನಿಂದ ನೋಡುವುದು ಎಂಬುದನ್ನು ಮರೆಯಬಾರದು.

2022ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು 10 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೇಳಿತು. ಸುಮಾರು ಶೇ. 56 ಮಂದಿ ನಂತರದ ವಾರ ಅಥವಾ ತಿಂಗಳುಗಳಲ್ಲಿ ಮಾನಸಿಕ ತೊಂದರೆ ಕಂಡಿದ್ದರು. ಅವರಲ್ಲಿ ಸುಮಾರು ಶೇ. 88 ಮಂದಿ ಅದನ್ನು ತಮ್ಮ ಬೆಳವಣಿಗೆಯ ಭಾಗವೆಂದೇ ಬಗೆದರು. ಸುಮಾರು ಶೇ. 12 ಮಂದಿ ತಜ್ಞರ ನೆರವು ಪಡೆದರು. ಒಳಿತಾಯಿತು ಎನ್ನುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ತೊಂದರೆ ಬರುವುದು ವಾರಗಳ ನಂತರ. ಅಷ್ಟರಲ್ಲಿ ಶಿಬಿರ ಮುಗಿದಿರುತ್ತದೆ.

ಹಾಗಾದರೆ ಗುಂಪು ದೊಡ್ಡದಾದದ್ದೇ ತಪ್ಪೇ? ಅಲ್ಲ. ಬ್ರೆಜಿಲ್‌ನ ರಿಯೊ ಬ್ರಾಂಕೊದಲ್ಲಿ 1930ರ ಸುಮಾರಿಗೆ ರೈಮುಂದೊ ಇರಿನೆಯು ಸೆರ್ರಾ ಎಂಬ ಕಪ್ಪುವರ್ಣದ ರಬ್ಬರ್ ಕಾರ್ಮಿಕ ಸಾಂತೊ ದೈಮೆ ಪಂಥವನ್ನು ಕಟ್ಟಿದ. ಅಲ್ಲಿ ದೊಡ್ಡ ಸಭೆಗಳೇ ಈ ಕಷಾಯ ಕುಡಿಯುತ್ತವೆ. ಗಂಡಸರು ಹೆಂಗಸರು ಬೇರೆ ಬೇರೆ ನಿಲ್ಲುತ್ತಾರೆ. ಸಮವಸ್ತ್ರವಿದೆ, ಸ್ತುತಿಗೀತೆಗಳಿವೆ. ಕುಸಿದವರನ್ನು ನೋಡಿಕೊಳ್ಳಲೆಂದೇ ನೇಮಿಸಿದ ಜನರಿದ್ದಾರೆ. ಮುಂದಿನ ಸಭೆಯಲ್ಲೂ ಅದೇ ನೆರೆಹೊರೆ. ಅದು ಅವರ ಧರ್ಮ, ನಮ್ಮದಲ್ಲ. ಮತ್ತು ಬರಿಸುವುದರ ಬಗ್ಗೆ ಮುಸ್ಲಿಮರ ನಿಲುವು ಎಲ್ಲರಿಗೂ ತಿಳಿದದ್ದೇ. ಡಿಎಂಟಿ ನಮ್ಮ ದೇಶದ ಮಾದಕವಸ್ತು ಕಾನೂನಿನ ಪಟ್ಟಿಯಲ್ಲೂ ಇದೆ. ಆದರೂ ಆ ಸಭೆಗೂ ಶಿಬಿರಕ್ಕೂ ಇರುವ ಅಂತರವನ್ನು ಗುರುತಿಸುವುದು ನ್ಯಾಯ. ಅಲ್ಲಿರುವುದು ಸಮುದಾಯ, ಇಲ್ಲಿರುವುದು ಗಿರಾಕಿಗಳ ಸಂತೆ.

ಈ ಸಂತೆಯ ಬೆಲೆಯನ್ನು ಸ್ಥಳೀಯರೂ ತೆರುತ್ತಿದ್ದಾರೆ. ಗಿನ್ಸ್‌ಬರ್ಗ್ ಪತ್ರ ಬರೆದ ಪುಕಾಲ್ಪಾದ ಪಕ್ಕದ ಯಾರಿನಕೋಚಾದಲ್ಲಿ 2018ರ ಏಪ್ರಿಲ್‌ನಲ್ಲಿ ಶಿಪಿಬೊ ಬುಡಕಟ್ಟಿನ ವೃದ್ಧೆ, ವೈದ್ಯೆ ಒಲಿವಿಯಾ ಅರೆವಾಲೊ ಗುಂಡೇಟಿಗೆ ಬಲಿಯಾದರು. ಕೊಂದವನೆಂಬ ಶಂಕೆಯ ಮೇಲೆ, ಸಸ್ಯವೈದ್ಯ ಕಲಿಯಲು ಬಂದಿದ್ದ ಕೆನಡಾದ ವ್ಯಕ್ತಿಯೊಬ್ಬನನ್ನು ಗುಂಪೊಂದು ಕೊಂದುಹಾಕಿತು. ದರ್ಶನ ಅರಸಿ ಬರುವವರ ಪುಸ್ತಕಗಳಲ್ಲಿ ಇಂಥ ಮನೆಗಳ ದುಃಖಕ್ಕೆ ಪುಟಗಳಿರುವುದು ಅಪರೂಪ.

'ದಿ ಯಾಹೆ ಲೆಟರ್ಸ್' ಓದಬೇಕಾದ ಪುಸ್ತಕ, ಆದರೆ ದಾರಿದೀಪವಲ್ಲ. ಅದರ ಒಳ್ಳೆಯ ಪುಟಗಳು ಭಯಗೊಂಡವನವು, ಧೈರ್ಯ ಹೇಳಿದವನವಲ್ಲ. ಹೋಗಬೇಕೋ ಬೇಡವೋ ಎಂಬುದನ್ನು ನನಗೆ ಧೈರ್ಯವಿದೆಯೇ ಎಂದು ಕೇಳಿಕೊಂಡು ತೀರ್ಮಾನಿಸಿದರೆ ಉತ್ತರ ತಪ್ಪುತ್ತದೆ. ನಡುರಾತ್ರಿ ನಾನು ಬಿದ್ದರೆ ಹಿಡಿಯುವವರು ಯಾರು? ನಾನು ನುಂಗುವ ಮಾತ್ರೆಗಳ ಬಗ್ಗೆ ಕೇಳಿದವರು ಯಾರು? ಹೆಣ್ಣುಮಗಳೊಬ್ಬಳು ಅರೆಪ್ರಜ್ಞೆಯಲ್ಲಿರುವಾಗ ಅವಳ ಮಾನಕ್ಕೆ ಹೊಣೆ ಯಾರು? ತಿಂಗಳ ನಂತರ ಮನಸ್ಸು ಕದಡಿದರೆ ಬಾಗಿಲು ತೆರೆಯುವವರು ಯಾರು? ಇವಕ್ಕೆ ಹೆಸರು ಹಿಡಿದು ಉತ್ತರ ಹೇಳಲಾಗದ ಕೂಟಕ್ಕೆ ಬೇಡ ಎನ್ನುವುದು ಹೇಡಿತನವಲ್ಲ, ವಿವೇಕ.