ವಾಚಕರ ಮೆಚ್ಚಿನ ಗ್ರಂಥ

ಊರ ಪತ್ರಿಕೆಯು ತನ್ನ ವಾಚಕರನ್ನು ಕುರಿತು, ನಿಮಗೆ ಎಂದೆಂದಿಗೂ ಮೆಚ್ಚಾದ ಗ್ರಂಥವು ಯಾವುದೆಂದು ಕೇಳುವುದೂ, ಬಂದ ಉತ್ತರಗಳನ್ನು ಅಚ್ಚುಮಾಡುವುದೂ ಈಗ ಅನೇಕ ದೇಶಗಳಲ್ಲಿ ರೂಢಿಯಾಗಿದೆ. ಪಂಡಿತರು ಇದನ್ನು ಮಕ್ಕಳಾಟವೆಂದು ನಕ್ಕುಬಿಡುವುದುಂಟು. ಆ ನಗೆ ಸಲ್ಲದು. ಗ್ರಂಥವು ಹೇಗಿದೆಯೆಂಬುದನ್ನು ವಿಮರ್ಶಕನು ಹೇಳಬಲ್ಲನು. ಅದು ಒಂದು ಮನೆಯನ್ನು ಹೊಕ್ಕು ಏನು ಮಾಡಿತೆಂಬುದನ್ನು ಆ ಮನೆಯವರೇ ಹೇಳಬೇಕು. ಆದರೆ ಇಂಥ ಪಟ್ಟಿಗಳು ಆ ಮಾತನ್ನು ನಿಜವಾಗಿ ಹೇಳುತ್ತವೆಯೇ?

ಈ ಪದ್ಧತಿಗೆ ಹಳೆಯದೊಂದು ಉದಾಹರಣೆಯಿದೆ. 1886ರಲ್ಲಿ ಸರ್ ಜಾನ್ ಲಬಕ್ ಎಂಬವನು ಲಂಡನ್ನಿನ ದುಡಿಯುವವರ ಕಾಲೇಜಿನಲ್ಲಿ ಉಪನ್ಯಾಸ ಮಾಡಿ, ಓದತಕ್ಕ ನೂರು ಗ್ರಂಥಗಳನ್ನು ಸೂಚಿಸಿದನು. ಪಾಲ್ ಮಾಲ್ ಗೆಜೆಟ್ ಪತ್ರಿಕೆಯು ಆ ಪಟ್ಟಿಯನ್ನು ಹಿರಿಯರಿಗೆ ಕಳುಹಿಸಿ ಅಭಿಪ್ರಾಯ ಬೇಡಲು, ರಸ್ಕಿನ್ನನು ಲೇಖನಿಯಿಂದ ಅನೇಕ ಹೆಸರುಗಳನ್ನು ಹೊಡೆದುಹಾಕಿ ಹಿಂದಿರುಗಿಸಿದನು. ನಮ್ಮ ರಾಮಾಯಣ ಮಹಾಭಾರತಗಳಿಗೂ ಆ ಪಟ್ಟಿಯಲ್ಲಿ ಎಡೆಯಿತ್ತು. ಆದರೆ ವೀಲರನ ಇತಿಹಾಸಗ್ರಂಥದೊಳಗಿನ ಸಂಗ್ರಹರೂಪದಲ್ಲಿ ಮಾತ್ರ! ಅಲ್ಲಿ ಪತ್ರಿಕೆಯು ಕೇಳಿದ್ದು ಓದಬೇಕಾದುದು ಯಾವುದೆಂದು, ಅದೂ ದೊಡ್ಡವರನ್ನು. 2003ರಲ್ಲಿ ಅದೇ ದೇಶದ ಬಿಬಿಸಿ ಸಂಸ್ಥೆಯು ಜನಸಾಮಾನ್ಯರನ್ನೇ ಕೇಳಿತು. ಟಾಲ್ಕೀನನ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಮೊದಲನೆಯದಾಗಿ ನಿಂತಿತು. ಓದಬೇಕಾದುದು ಬೇರೆ, ಒಲಿದದ್ದು ಬೇರೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಕನ್ನಡ ವಾಚಕನು ಈ ಎರಡನ್ನೂ ಕಲಸಿಬಿಡುತ್ತಾನೆ. ಪ್ರಶ್ನೆ ಬಂದೊಡನೆ ‘ಶ್ರೀ ರಾಮಾಯಣ ದರ್ಶನಂ’, ‘ಮಲೆಗಳಲ್ಲಿ ಮದುಮಗಳು’, ‘ಪರ್ವ’ ಎಂದು ಬರೆದು ಕಳುಹಿಸುತ್ತಾನೆ. ಇವು ಮೆಚ್ಚತಕ್ಕ ಕೃತಿಗಳೇ ಅಹುದು, ಅದರಲ್ಲಿ ವಿವಾದವಿಲ್ಲ. ಆದರೆ ಬರೆದವನು ಅವನ್ನು ಕಡೆಯ ಪುಟದವರೆಗೂ ಓದಿ ಮೆಚ್ಚಿದನೋ, ಕೀರ್ತಿಯನ್ನು ಕೇಳಿ ಮೆಚ್ಚಿದನೋ ಬರಿಯ ಹೆಸರಿನಿಂದ ತಿಳಿಯುವ ಬಗೆ ಹೇಗೆ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಕಂದೀಲಿನ ಬೆಳಕಿನಲ್ಲಿ ರಾತ್ರಿಗಳನ್ನು ಕಳೆದವರು ಕನ್ನಡನಾಡಿನಲ್ಲಿ ಸ್ವಲ್ಪ ಮಂದಿಯಲ್ಲ. ಅವರಲ್ಲಿ ಅನೇಕರಿಗೆ ಕನ್ನಡ ಓದಿನ ಚಟ ಹಿಡಿದದ್ದೇ ಅಲ್ಲಿಂದ. ಪತ್ರಿಕೆಗೆ ಬರೆಯುವಾಗ ಮಾತ್ರ ಆ ಪುರುಷೋತ್ತಮನು ನೆನಪಿಗೆ ಬಾರನು. ತನ್ನ ಹೆಸರೂ ಊರೂ ಅಚ್ಚಾಗುವಲ್ಲಿ ಮನುಷ್ಯನು ಒಳ್ಳೆಯ ಅಂಗಿ ತೊಟ್ಟು ನಿಲ್ಲುವುದು ಸಹಜವೇ. ತಪ್ಪು ಅವನದಲ್ಲ, ಪ್ರಶ್ನೆಯದು.

ಇನ್ನು ಈ ಪ್ರಶ್ನೆಯು ವಿಜಯಪುರದ ಪತ್ರಿಕೆಯಲ್ಲಿ ಕುಳಿತು ಬಬಲೇಶ್ವರ ಸೀಮೆಯ ಮಮದಾಪುರಕ್ಕೆ ಬಂದಿತೆನ್ನೋಣ. ಮಹಮ್ಮದ ಆದಿಲಶಾಹನ ಕಾಲದ ಕೆರೆಯಿರುವ ಹಳೆಯ ಊರದು. ಇಂಥ ಊರುಗಳಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುವುದು ವಾಡಿಕೆ. ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣವೋ, ಚಾಮರಸನ ಪ್ರಭುಲಿಂಗಲೀಲೆಯೋ, ಲಕ್ಷ್ಮೀಶನ ಜೈಮಿನಿ ಭಾರತವೋ. ಒಬ್ಬನು ಓದುವನು, ಇನ್ನೊಬ್ಬನು ಅರ್ಥ ಹೇಳುವನು, ಗುಡಿಯ ತುಂಬ ಜನ ಕೇಳುವರು. ಆ ಜನರಲ್ಲಿ ಎಷ್ಟೋ ಮಂದಿ ಪುಸ್ತಕವನ್ನು ಕೈಯಿಂದ ಮುಟ್ಟಿದವರಲ್ಲ. ಆದರೂ ಚಂದ್ರಹಾಸನ ಕಥೆಯಲ್ಲಿ ಒಂದು ಸಂಗತಿ ತಪ್ಪಿದರೆ ತಡೆದು ಹೇಳಬಲ್ಲವರು. ಪಟ್ಟಿಯ ಲೆಕ್ಕದಲ್ಲಿ ಇವರು ವಾಚಕರೇ ಅಲ್ಲ. ಕೇಳಿದ್ದನ್ನು ಓದಿದ್ದಕ್ಕಿಂತ ಕಡಿಮೆಯೆಂದು ಎಣಿಸುವ ಪತ್ರಿಕೆಯು ತನ್ನ ಜಿಲ್ಲೆಯನ್ನೇ ಅರಿಯದು.

ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಈ ಮಾತನ್ನು ಬಹು ಹಿಂದೆಯೇ ಅರಿತಿದ್ದರು. 1931ರಲ್ಲಿ ಅವರು ‘ಗರತಿಯ ಹಾಡು’ ಹೊರತಂದಾಗ ಅದರೊಳಗಿದ್ದುದು ಬೀಸುತ್ತ ಕುಟ್ಟುತ್ತ ಹಾಡಿದ ಹೆಣ್ಣುಮಕ್ಕಳ ಬಾಯಿಯ ಸಾಹಿತ್ಯ. ಆ ಹಾಡಿನವರನ್ನು ಹಿಡಿದು ನಿಮ್ಮ ಮೆಚ್ಚಿನ ಗ್ರಂಥ ಯಾವುದೆಂದು ಕೇಳಿದ್ದರೆ, ನಮಗೆಲ್ಲಿಯ ಗ್ರಂಥವೆಂದು ನಕ್ಕು ಬೀಸುಗಲ್ಲಿಗೆ ತಿರುಗುತ್ತಿದ್ದರು.

ಮತ್ತೊಂದು ವಿಚಾರ. ಜನರು ಮೆಚ್ಚಬಲ್ಲದ್ದು ಕೈಗೆ ಸಿಕ್ಕುವುದನ್ನು ಮಾತ್ರವಷ್ಟೇ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದದ್ದು 1923ರಲ್ಲಿ. ಅದಕ್ಕೆ ಹಿಂದಿನ ವರುಷ ಯಾವ ಪತ್ರಿಕೆಯಾದರೂ ಈ ಪ್ರಶ್ನೆ ಕೇಳಿದ್ದರೆ, ವಚನಗಳನ್ನು ಮೆಚ್ಚಿನ ಗ್ರಂಥವೆನ್ನುವವರು ಎಷ್ಟು ಮಂದಿ ಸಿಕ್ಕುತ್ತಿದ್ದರು? ಅವುಗಳ ಬಹುಭಾಗ ಮಠಗಳ, ಮನೆಗಳ ಓಲೆಕಟ್ಟುಗಳಲ್ಲಿ ಮಲಗಿತ್ತು. ಹಳಕಟ್ಟಿಯವರು ಮುಂದೆ ಹಿತಚಿಂತಕ ಮುದ್ರಣಾಲಯವನ್ನು ಹೂಡಿ, 1926ರಲ್ಲಿ ‘ಶಿವಾನುಭವ’ವನ್ನೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ನಡೆಸಿದರು. ಜನರ ಮೆಚ್ಚುಗೆಯನ್ನು ಎಣಿಸುತ್ತ ಕೂಡ್ರದೆ, ಮೆಚ್ಚುವುದಕ್ಕೆ ವಸ್ತುವನ್ನು ಒದಗಿಸಿದರು. ಗಳಗನಾಥರಾದರೋ ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು. ಅವರ ವಾಚಕರು ಪಟ್ಟಿಯಿಂದ ಹುಟ್ಟಿದವರಲ್ಲ, ಬಾಗಿಲಿಗೆ ಬಂದ ಪುಸ್ತಕದಿಂದ ಹುಟ್ಟಿದವರು. ಹತ್ತೇ ಹೆಸರುಗಳ ಪಟ್ಟಿಯನ್ನು ಹಿಡಿದು ಊರ ಗ್ರಂಥಾಲಯಕ್ಕೆ ಪುಸ್ತಕ ಕೊಂಡರೆ, ಮುಂದಿನ ವರುಷದ ಪಟ್ಟಿಯಲ್ಲಿಯೂ ಅವೇ ಹತ್ತು ಬರುವುದರಲ್ಲಿ ಆಶ್ಚರ್ಯವೇನು?

ಹಾಗೆಂದು ಪತ್ರಿಕೆಗಳು ಕೇಳುವುದನ್ನೇ ಬಿಡಬೇಕಿಲ್ಲ. ಕೇಳುವ ಬಗೆ ಬದಲಾಗಬೇಕು. ಗ್ರಂಥದ ಹೆಸರಿನೊಡನೆ ಅದು ಯಾರ ಕೈಯಿಂದ ಬಂತು, ಎಷ್ಟನೆಯ ವಯಸ್ಸಿನಲ್ಲಿ ಬಂತು, ಓದಿದ್ದೋ ಕೇಳಿದ್ದೋ, ಈಗಲೂ ಬಾಯಿಗೆ ಬರುವ ಭಾಗ ಯಾವುದು ಎಂದು ವಿಚಾರಿಸಲಿ. ಅಜ್ಜಿಯ ಉತ್ತರವನ್ನು ಮೊಮ್ಮಗಳು ಬರೆದು ಕಳುಹಿಸಿದರೆ ಅದನ್ನೂ ಸ್ವೀಕರಿಸಲಿ. ಸುಳ್ಳು ಮೆಚ್ಚುಗೆಗೆ ಹೆಸರೊಂದೇ ಸಾಕು. ನಿಜವಾದ ಮೆಚ್ಚುಗೆಗೆ ನಾಲ್ಕು ಸಾಲಾದರೂ ಬೇಕು. ಸ್ಥಳ ಸಾಲದೆಂದು ಸಂಪಾದಕರು ಆಕ್ಷೇಪಿಸಬಹುದು. ಮೊದಲ ಹತ್ತು ಗ್ರಂಥಗಳ ಮುಖಪುಟಗಳಿಗೆ ಕೊಡುವಷ್ಟು ಸ್ಥಳದಲ್ಲಿ ಅಂಥ ಇಪ್ಪತ್ತು ಪತ್ರಗಳು ಸುಖವಾಗಿ ಹಿಡಿಯುತ್ತವೆ.