ಚಲಚ್ಚಿತ್ರದ ರಾಣಿ ಚೆನ್ನಮ್ಮ: ಕಪ್ಪವೋ, ದತ್ತಕವೋ?

ಇತಿಹಾಸದಿಂದ ವಸ್ತುವನ್ನಾಯ್ದುಕೊಂಡ ಕವಿಗೆ ಕಥೆಯನ್ನು ಮಾರ್ಪಡಿಸುವ ಅಧಿಕಾರವುಂಟೇ ಎಂಬ ಪ್ರಶ್ನೆ ನಮ್ಮ ಆಲಂಕಾರಿಕರಿಗೆ ಹೊಸದಲ್ಲ. ರಸಕ್ಕೆ ಪ್ರತಿಕೂಲವಾದ ಇತಿವೃತ್ತವನ್ನು ಬಿಟ್ಟು ಅನುಕೂಲವಾದುದನ್ನು ಕಲ್ಪಿಸಿಕೊಳ್ಳಬಹುದೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಅನುಮತಿಯನ್ನಿತ್ತಿರುವನು. ಆದುದರಿಂದ ಚಾರಿತ್ರಿಕ ಚಿತ್ರವೊಂದನ್ನು ಪರಿಶೀಲಿಸುವಾಗ ‘ನಡೆದುದು ನಡೆದಂತೆಯೇ ಇದೆಯೆ?’ ಎಂದು ಮಾತ್ರ ಕೇಳಿದರೆ ಸಾಲದು. ಮಾರ್ಪಾಡಿನಿಂದ ರಸಕ್ಕೆ ಬಂದುದೇನು, ಹೋದುದೇನು ಎಂಬುದನ್ನೂ ವಿಚಾರಿಸಬೇಕು. ೧೯೬೧ರಲ್ಲಿ ಬಿ. ಆರ್. ಪಂತುಲು ಅವರು ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಈ ಚಿತ್ರದಲ್ಲಿ ರಾಣಿಯ ಪಾತ್ರವನ್ನು ಬಿ. ಸರೋಜಾದೇವಿಯವರೂ ಮಲ್ಲಸರ್ಜ ದೇಸಾಯಿಯ ಪಾತ್ರವನ್ನು ರಾಜಕುಮಾರ್ ಅವರೂ ನಿರ್ವಹಿಸಿರುವರು. ಇದರ ಕೀರ್ತಿಯೆಲ್ಲ ಬಹುಮಟ್ಟಿಗೆ ಒಂದು ಸಂಭಾಷಣೆಯ ಮೇಲೆ ನಿಂತಿದೆ: ರಾಣಿಯು ಆಂಗ್ಲ ಅಧಿಕಾರಿಯ ಎದುರಿನಲ್ಲಿ ಕಪ್ಪವನ್ನು ನಿರಾಕರಿಸುವ ಸಂದರ್ಭ. ಕನ್ನಡನಾಡಿನ ಶಾಲೆಗಳ ಉತ್ಸವಗಳಲ್ಲಿ ಬಾಲಿಕೆಯರು ಸೊಂಟಕ್ಕೆ ಕತ್ತಿಯನ್ನು ಕಟ್ಟಿಕೊಂಡು ಇದನ್ನು ಒಪ್ಪಿಸುವುದನ್ನು ನೋಡದ ಉಪಾಧ್ಯಾಯರು ವಿರಳ. ವಾಕ್ಯಗಳ ಓಟ, ಪ್ರಶ್ನೆಯ ಮೇಲೆ ಪ್ರಶ್ನೆ, ಏರುತ್ತಹೋಗುವ ಧ್ವನಿ, ಇವುಗಳಿಂದ ವೀರರಸವು ಪರಿಪುಷ್ಟವಾಗಿದೆಯೆಂಬುದು ನಿರ್ವಿವಾದ.

ಆದರೆ ೧೮೨೪ರ ಕಲಹಕ್ಕೆ ಕಪ್ಪವು ಮೂಲವಲ್ಲ. ಮಲ್ಲಸರ್ಜನು ೧೮೧೬ರಲ್ಲಿ ಕಾಲವಾದ ಬಳಿಕ ಪಟ್ಟಕ್ಕೆ ಬಂದ ಶಿವಲಿಂಗ ರುದ್ರಸರ್ಜನು, ಪೇಶ್ವೆಯ ಪ್ರಭುತ್ವವು ಮುರಿದುಬಿದ್ದ ೧೮೧೮ರಲ್ಲಿ ಕಂಪೆನಿಯವರೊಡನೆ ಒಡಂಬಟ್ಟು ವಾರ್ಷಿಕ ಪೊಗದಿಯನ್ನು ಒಪ್ಪಿಕೊಂಡಿದ್ದನು. ೧೮೨೪ರ ಸೆಪ್ಟೆಂಬರಿನಲ್ಲಿ ಅವನು ನಿಸ್ಸಂತಾನನಾಗಿ ಮಡಿದಾಗ ಮಾಡಿಕೊಂಡಿದ್ದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಒಪ್ಪಲಿಲ್ಲ. ಭಂಡಾರಕ್ಕೆ ಮುದ್ರೆ ಬಿದ್ದಿತು. ಮಲತಾಯಿಯಾದ ಚೆನ್ನಮ್ಮರಾಣಿಯವರು ಮೊದಲು ಹಿಡಿದುದು ಲೇಖನಿಯನ್ನು. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನವರೆಗೂ ಅವರು ಬರೆದುಕೊಂಡರು. ಅದು ನಿಷ್ಫಲವಾದ ಮೇಲೆಯೇ ಅಕ್ಟೋಬರ್ ೨೩ರ ಯುದ್ಧ, ಥ್ಯಾಕರೆಯ ಮರಣ, ಡಿಸೆಂಬರಿನಲ್ಲಿ ಕೋಟೆಯ ಪತನ, ಬೈಲಹೊಂಗಲದ ಸೆರೆ, ೧೮೨೯ರಲ್ಲಿ ದೇಹಾವಸಾನ. ಡಾಲ್‌ಹೌಸಿಯು ಭಾರತಕ್ಕೆ ಬರುವುದಕ್ಕೆ ಇಪ್ಪತ್ತುನಾಲ್ಕು ವರ್ಷಗಳ ಮೊದಲೇ ದತ್ತಕದ ಹಕ್ಕಿಗಾಗಿ ಕನ್ನಡನಾಡಿನಲ್ಲಿ ರಕ್ತ ಹರಿದಿತ್ತೆಂಬುದು ಇದರಿಂದ ವಿದಿತವಾಗುವುದು.

ಹಾಗಾದರೆ ಕಪ್ಪದ ಮಾತು ಇಷ್ಟು ಪ್ರಧಾನವಾದುದು ಹೇಗೆ? ಇದೇ ನಿರ್ದೇಶಕರು ೧೯೫೯ರಲ್ಲಿ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರವನ್ನು ತೆಗೆದಿದ್ದರು. ಅಲ್ಲಿಯೂ ಶಿವಾಜಿ ಗಣೇಶನ್ ಅವರ ಕಂಠದಲ್ಲಿ ಕಪ್ಪದ ನಿರಾಕರಣೆಯೇ ಕೇಂದ್ರ; ೧೭೯೯ರಲ್ಲಿ ಗಲ್ಲಿಗೇರಿದ ಆ ಪಾಳೆಯಗಾರನ ಚರಿತ್ರೆಗೆ ಅದು ಸಹಜವೂ ಹೌದು. ಎರಡು ಚಿತ್ರಗಳನ್ನೂ ಒಟ್ಟಿಗಿಟ್ಟು ನೋಡಿದರೆ, ಅಲ್ಲಿ ಫಲಿಸಿದ ಎರಕವೇ ಇಲ್ಲಿಗೂ ಬಂದಿತೆಂದು ನಮಗೆ ತೋರುವುದು.

ಇದರಿಂದಾದ ನಷ್ಟವು ಸಾಮಾನ್ಯವಾದುದಲ್ಲ. ನಮ್ಮವರು ವೀರರಸವನ್ನು ದಾನವೀರ, ಧರ್ಮವೀರ, ದಯಾವೀರ, ಯುದ್ಧವೀರವೆಂದು ವಿಭಾಗಿಸಿರುವರು. ಚರಿತ್ರೆಯ ಚೆನ್ನಮ್ಮರಾಣಿಯವರು ಧರ್ಮವೀರದ ಆಲಂಬನ: ಶಾಸ್ತ್ರಸಮ್ಮತವಾದ ಸಂಸ್ಕಾರವನ್ನು ಪರಕೀಯನ ಸಹಿಯು ಅಳಿಸಲಾರದೆಂದು ನಿಂತವರು, ಯುದ್ಧವು ಆ ನಿಲವಿನ ಪರಿಣಾಮ ಮಾತ್ರ. ಚಿತ್ರದ ರಾಣಿಯು ನಮ್ಮ ಸ್ಮೃತಿಯಲ್ಲಿ ಉಳಿದಿರುವುದು ಯುದ್ಧವೀರವಾಗಿ. ರಸವು ಕೆಟ್ಟಿತೆಂದು ನಾವು ಹೇಳುವುದಿಲ್ಲ. ರಸದ ಜಾತಿಯೇ ಬದಲಾಯಿತು, ಕರುಣದ ಛಾಯೆಯು ಮಾಸಿತು. ೨೦೧೨ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ಜಯಪ್ರದಾ ಅವರ ಚೆನ್ನಮ್ಮ, ಶೀರ್ಷಿಕೆಯೇ ಸೂಚಿಸುವಂತೆ, ಮತ್ತೊಬ್ಬ ವೀರನ ಕಥೆಗೆ ಅಂಗವಾಗಿರುವರು.

ಚಾಮರಾಜನಗರ ಗುಂಡ್ಲುಪೇಟೆಗಳ ವಾಚಕರಿಗೆ ಈ ವಿಚಾರವು ದೂರದ್ದಲ್ಲ. ಮಲ್ಲಸರ್ಜನಾಗಿ ನಟಿಸಿದ ರಾಜಕುಮಾರ್ ಅವರ ಗಾಜನೂರು ಚಾಮರಾಜನಗರದ ನೆರೆಯದು ಎಂಬುದಷ್ಟೇ ಕಾರಣವಲ್ಲ. ಆ ಊರಿನ ಹೆಸರೇ ಒಂದು ದತ್ತಕದ ಫಲ. ಅರಿಕುಠಾರದಲ್ಲಿ ೧೭೭೪ರಲ್ಲಿ ಜನಿಸಿದ ಬಾಲಕನು ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ಲಕ್ಷ್ಮಮ್ಮಣ್ಣಿಯವರ ದತ್ತಪುತ್ರನಾಗಿ ಖಾಸಾ ಚಾಮರಾಜ ಒಡೆಯರೆನಿಸಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಊರಿಗೆ ತಂದೆಯ ಹೆಸರನ್ನಿಟ್ಟರು. ಚಾಮರಾಜೇಶ್ವರನ ಗುಡಿಯಲ್ಲಿ ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು ಕೆಂಪನಂಜಾಂಬೆಯಾಗಿ ನಿಂತಿತು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವು ಚಿಕದೇವರಾಜ ಒಡೆಯರ ಪಿತೃಸ್ಮರಣೆ. ಅವರ ಅರಸಿ, ಯಳಂದೂರಿನ ದೇವಾಜಮ್ಮಣ್ಣಿಯವರಾದರೋ ಸಂಚಿಯ ಹೊನ್ನಮ್ಮನ ಕಾವ್ಯಕ್ಕೆ ಪ್ರೇರಕರಾಗಿ ಉಳಿದರು. ಈ ಸೀಮೆಯ ಅರಸಿಯರ ಸ್ಮೃತಿಯಲ್ಲಿ ಕತ್ತಿಯಿಲ್ಲ.

ಲಕ್ಷ್ಮಮ್ಮಣ್ಣಿಯವರ ಚರಿತ್ರೆಯು ಚಿತ್ರಕಾರನಿಗೆ ಕಠಿನ ಪರೀಕ್ಷೆ. ವಿಲ್ಕ್ಸನು ಹೇಳುವ ದೃಶ್ಯವು ತೆರೆಗೆ ಸುಲಭವಾಗಿ ಒಗ್ಗುವುದು: ಮಕ್ಕಳ ಮುಂದೆ ಆಟಿಕೆ, ಹಣ್ಣು, ಆಯುಧಗಳನ್ನು ಹರಡಿಸಿದ ಹೈದರಾಲಿಯು, ಕಠಾರಿಯನ್ನೂ ನಿಂಬೆಹಣ್ಣನ್ನೂ ಹಿಡಿದ ಶಿಶುವನ್ನು ಅರಸನೆಂದು ಆರಿಸಿದನಂತೆ. ಆದರೆ ಆ ದೃಶ್ಯದ ನಾಯಕನು ಹೈದರನೇ. ರಾಣಿಯವರ ಕಾರ್ಯವಿದ್ದುದು ತಿರುಮಲರಾಯನ ಮೂಲಕ ೧೭೮೨ರಲ್ಲಿ ಕಂಪೆನಿಯೊಡನೆ ಮಾಡಿಸಿದ ಒಪ್ಪಂದದಲ್ಲಿ, ೧೭೯೯ರವರೆಗಿನ ಗುಪ್ತ ಪತ್ರಗಳಲ್ಲಿ. ಅದೇ ಕಾಲವನ್ನು ವಸ್ತುವಾಗಿಸಿಕೊಂಡು ೧೯೯೦ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಹಿಂದೀ ಧಾರಾವಾಹಿಯು ಗಿಡ್ವಾನಿಯವರ ಕಾದಂಬರಿಯನ್ನು ಆಧರಿಸಿ ಟಿಪ್ಪುವಿನ ಖಡ್ಗವನ್ನೇ ಹೆಸರಾಗಿ ಹೊತ್ತಿತು. ಖಡ್ಗವನ್ನು ಕೇಂದ್ರವಾಗಿಟ್ಟ ಕಥನದಲ್ಲಿ ಲೇಖನಿಯ ರಾಣಿಗೆ ನಾಯಿಕಾಪದವಿ ದೊರೆಯುವ ಬಗೆಯೆಂತು? ಮೇಲಾಗಿ ಚೆನ್ನಮ್ಮರಾಣಿಯವರು ಯಾವ ಕಂಪೆನಿಯ ವಿರುದ್ಧ ದತ್ತಕವನ್ನು ಕಾಯ್ದರೋ, ಅದೇ ಕಂಪೆನಿಯ ಸಹಾಯದಿಂದಲೇ ಲಕ್ಷ್ಮಮ್ಮಣ್ಣಿಯವರು ದತ್ತಕದ ವಂಶವನ್ನು ಉಳಿಸಿದರು. ಒಬ್ಬರನ್ನು ಪೂಜಿಸಿ ಮತ್ತೊಬ್ಬರನ್ನು ಮರೆಯುವುದು ಸುಲಭ. ಇಬ್ಬರನ್ನೂ ಒಂದೇ ಧರ್ಮಸಂಕಟದ ಎರಡು ಮುಖಗಳೆಂದು ಕಾಣುವುದೇ ವಿಮರ್ಶಕನ ಕೆಲಸ.

ಕತ್ತಿಯ ರಾಣಿಗೆ ಎರಡು ಗಂಟೆಗಳ ಚಿತ್ರವು ಸಾಕು. ಪತ್ರ, ನಿರೀಕ್ಷಣೆ, ಸೆರೆವಾಸಗಳ ರಾಣಿಗೆ ಧಾರಾವಾಹಿಯ ದೀರ್ಘವಾದ ಅವಕಾಶವೇ ಉಚಿತ. ಸಮರ್ಥರಾದವರು ಆ ಕೆಲಸಕ್ಕೆ ತೊಡಗಲಿ. ಅಲ್ಲಿಯವರೆಗೆ ೧೯೬೧ರ ಚಿತ್ರವು ಆದರಣೀಯವಾದ ವೀರಕಾವ್ಯವಾಗಿಯೇ ಉಳಿಯುವುದು. ಉಪಾಧ್ಯಾಯರು ಆ ಸಂಭಾಷಣೆಯನ್ನು ಮಕ್ಕಳಿಗೆ ಕಲಿಸಬಾರದೆಂದು ನಮ್ಮ ಅಭಿಪ್ರಾಯವಲ್ಲ. ಕಲಿಸಿದ ಮೇಲೆ, ರಾಣಿಯವರು ಕತ್ತಿಯನ್ನು ಹಿರಿಯುವ ಮೊದಲು ಪತ್ರವನ್ನು ಬರೆದಿದ್ದರೆಂಬುದನ್ನೂ, ಅದರಲ್ಲಿದ್ದುದು ದತ್ತಕದ ಹಕ್ಕೆಂಬುದನ್ನೂ ತಿಳಿಸಬೇಕೆಂದು ಮಾತ್ರ ನಮ್ಮ ಬಿನ್ನಹ.